ಅಡ್ಡ ಇಟ್ಟ ಸೌಟು

ದೆವ್ವ, ಭೂತ ಅಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಮೂವತ್ತೆಂಟು ವರ್ಷ ಮದ್ರಾಸಿನ ಒಂದು ಹೋಟೆಲಿನಲ್ಲಿ ಸೂರ್ಯ ಹುಟ್ಟುವ ಮೊದಲೇ ಒಲೆ ಹಚ್ಚಿದವನು ನಾನು. ಅಂಥವು ಇದ್ದಿದ್ದರೆ ಒಂದಾದರೂ ನನ್ನ ಕಣ್ಣಿಗೆ ಬೀಳಬೇಕಿತ್ತು. ಬಿದ್ದದ್ದು ಜಿರಳೆಗಳು ಮಾತ್ರ. ಹಾಗಿದ್ದೂ ಈಗ ಅತ್ತಿಗೆಯ ಅಡುಗೆಮನೆಗೆ ಹೋಗುವಾಗ ಹೊಸ್ತಿಲಲ್ಲಿ ಒಂದು ಗಳಿಗೆ ನಿಲ್ಲುತ್ತೇನೆ. ಅದಕ್ಕೆ ಕಾರಣ ಒಂದು ಆಪಲ್ ಕೇಕು.

ಅತ್ತಿಗೆಯ ಹೆಸರು ಜಲಜಾಕ್ಷಿ. ಈಗ ಅರವತ್ತೊಂಬತ್ತು. ಹತ್ತೊಂಬತ್ತನೇ ವಯಸ್ಸಿಗೆ ನಮ್ಮಣ್ಣ ಶಂಕರನಾರಾಯಣನ ಹೆಂಡತಿಯಾಗಿ ಕುಂದಾಪುರದ ಕಡೆಯಿಂದ ಈ ಊರಿಗೆ ಬಂದವರು. ಐವತ್ತು ವರ್ಷ ಇಲ್ಲಿದ್ದರೂ ತರಕಾರಿಯವನ ಹತ್ತಿರ ತಮಿಳಿನಲ್ಲಿ ಶುರುಮಾಡಿದ ಜಗಳವನ್ನು ಊರಿನ ಕನ್ನಡದಲ್ಲೇ ಮುಗಿಸುತ್ತಾರೆ. ಅವನಿಗೂ ಅರ್ಥವಾಗುತ್ತದೆ, ಸೋಲುತ್ತಾನೆ. ಇಲ್ಲಿನ ವೇಲಚೇರಿ ಬಡಾವಣೆಯಲ್ಲಿ ನೆಲಮಾಳಿಗೆ ಅನ್ನುವಷ್ಟು ತಗ್ಗಿನ ಕೆಳಮನೆ ಅವರದ್ದು. ದೊಡ್ಡ ನೆರೆಯ ವರ್ಷ ನೀರು ನಿಂತ ಗುರುತು ಇನ್ನೂ ಬೀರುವಿನ ಮೇಲಿದೆ. ಬೀರು ಬದಲಿಸಿ ಅಂದರೆ, "ಅದು ಬಟ್ಟೆ ಇಡ್ಲಿಕ್ಕೆ ಇರುವುದು, ನೋಡ್ಲಿಕ್ಕೆ ಅಲ್ಲ" ಅನ್ನುತ್ತಾರೆ. ಯಾರ ಮಾತೂ ಕೇಳುವ ಜನ ಅಲ್ಲ.

ನಾನು ಮದುವೆಯಾಗಲಿಲ್ಲ. ಎರಡು ಬೀದಿ ಆಚೆ ಒಂದು ಕೋಣೆಯಲ್ಲಿದ್ದೇನೆ. ಬೆಳಿಗ್ಗೆ ಹನ್ನೊಂದಕ್ಕೆ ಅತ್ತಿಗೆಯ ಮನೆಗೆ ಹೋಗಿ ಪೇಪರ್ ಓದಿ, ಊಟ ಮಾಡಿ, ಒಂದಿಷ್ಟು ಬೈಸಿಕೊಂಡು ಬರುವುದು ನನ್ನ ದಿನಚರಿ. ಈ ವರ್ಷ ಆಷಾಢದಲ್ಲಿ ಹತ್ತು ದಿನ ಊರಿಗೆ ಹೋದದ್ದು ಬಿಟ್ಟರೆ ಒಂದು ದಿನವೂ ತಪ್ಪಿಸಿಲ್ಲ.

ಈಗ ಸೌಟಿನ ವಿಷಯ ಹೇಳಬೇಕು. ಅಣ್ಣ ನಮ್ಮ ಹೋಟೆಲಿನ ಹೆಡ್ ಕುಕ್. ನಾನು ಅವನ ಕೈಕೆಳಗೆ ಸಾಂಬಾರು ನೋಡಿಕೊಳ್ಳುತ್ತಿದ್ದವನು. ಗ್ರೈಂಡರುಗಳ ಗದ್ದಲದಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ. ಒಮ್ಮೆ ಒಂದು ಕೊಪ್ಪರಿಗೆ ಸಾಂಬಾರಿಗೆ ಮೂರು ಜನ ಮೂರು ಸಲ ಉಪ್ಪು ಹಾಕಿ ಅಷ್ಟನ್ನೂ ಚರಂಡಿಗೆ ಸುರಿಯಬೇಕಾಯಿತು. ಅವತ್ತು ಅಣ್ಣ ಒಂದು ಪದ್ಧತಿ ತಂದ: ಉಪ್ಪು ಹಾಕಿದವನು ಸೌಟನ್ನು ಪಾತ್ರೆಯ ಬಾಯಿಗೆ ಅಡ್ಡ ಇಡಬೇಕು. ಸೌಟು ಅಡ್ಡ ಇದ್ದರೆ ಉಪ್ಪು ಬಿದ್ದಿದೆ ಅಂತ ಲೆಕ್ಕ, ಮತ್ತೆ ಯಾರೂ ಮುಟ್ಟುವ ಹಾಗಿಲ್ಲ. ಆಮೇಲೆ ಅಲ್ಲಿ ಉಪ್ಪು ಹೆಚ್ಚಾಯಿತು ಅನ್ನುವ ಮಾತೇ ಬರಲಿಲ್ಲ.

ಸೌಟಿನ ಹಿಡಿ ನೋಡಿದರೆ ಯಾರು ಹಾಕಿದ್ದು ಅಂತಲೂ ತಿಳಿಯುತ್ತಿತ್ತು. ಅಣ್ಣ ಎಡಚ. ಉಪ್ಪನ್ನು ಎಡಗೈಯಲ್ಲಿ ಹಾಕಬಾರದು ಅಂತ ಅಮ್ಮ ಚಿಕ್ಕಂದಿನಲ್ಲಿ ಹೊಡೆದು ಕಲಿಸಿದ್ದರಿಂದ ಉಪ್ಪು ಮಾತ್ರ ಬಲಗೈಯಲ್ಲಿ, ಸೌಟು ಎಡಗೈಯಲ್ಲಿ. ಹಾಗಾಗಿ ಅವನು ಇಟ್ಟ ಸೌಟಿನ ಹಿಡಿ ಎಡಕ್ಕಿರುತ್ತಿತ್ತು, ನಮ್ಮೆಲ್ಲರದ್ದು ಬಲಕ್ಕೆ. ಸ್ವಲ್ಪ ಸಮಯದಲ್ಲೇ ಈ ಪದ್ಧತಿ ಮನೆಗೂ ಬಂತು. ಅತ್ತಿಗೆ ಸಾರು ಕುದಿಯಲು ಇಟ್ಟು ಬಟ್ಟೆ ಒಣಹಾಕಲು ಹೋಗಿ ಬರುವಷ್ಟರಲ್ಲಿ ಸೌಟು ಅಡ್ಡ ಬಿದ್ದಿರುತ್ತಿತ್ತು. ಗಂಡ ಹೆಂಡತಿ ಅಡುಗೆಮನೆಯಲ್ಲಿ ಹೆಚ್ಚು ಮಾತಾಡಿದ್ದನ್ನು ನಾನು ನೋಡಿಲ್ಲ. ಅವರಿಗೆ ಬೇಕಾಗುತ್ತಿರಲಿಲ್ಲ.

ಚೆನ್ನೈಗೆ ಶರದೃತು ಬರುವುದು ಲಾರಿಯಲ್ಲಿ. ಇಲ್ಲಿ ಎಲೆ ಉದುರುವುದಿಲ್ಲ, ಚಳಿ ಬೀಳುವುದಿಲ್ಲ. ಸೆಪ್ಟೆಂಬರಿನ ನಡುವೆ ಶುರುವಾಗುವ ತಮಿಳರ ಪುರಟ್ಟಾಸಿ ತಿಂಗಳಲ್ಲಿ ಶಿಮ್ಲಾ ಆಪಲ್ ಗಾಡಿಗಾಡಿಯಾಗಿ ಬೀದಿಗೆ ಬಂದಾಗ, ಓ, ಎಲ್ಲೋ ಹವೆ ಬದಲಾಗಿದೆ ಅಂತ ನಮಗೆ ತಿಳಿಯುತ್ತದೆ. ಪುರಟ್ಟಾಸಿ ಅಂದರೆ ಊರಿನ ಅರ್ಧ ಜನ ವ್ರತಕ್ಕೆಂದು ಮಾಂಸ ಬಿಟ್ಟು ನಮ್ಮಂಥ ಸಸ್ಯಾಹಾರಿ ಹೋಟೆಲುಗಳಿಗೆ ನುಗ್ಗುವ ಕಾಲ. ನಲವತ್ತು ವರ್ಷ ಆ ತಿಂಗಳು ಅಣ್ಣನಿಗೆ ಒಂದು ದಿನ ರಜೆ ಸಿಕ್ಕಿರಲಿಲ್ಲ. ನಿವೃತ್ತನಾದ ಮೇಲಿನ ಮೊದಲ ಪುರಟ್ಟಾಸಿಯಲ್ಲಿ ಏನು ಮಾಡುವುದು ತಿಳಿಯದೆ ಕೈ ಹಿಸುಕುತ್ತಾ ಕೂತಿದ್ದ. ಆಗ ಮಗ ಸಂತೋಷನ ಮಗಳು ಮಾನ್ಯಾ ಮೊಬೈಲಿನಲ್ಲಿ ಒಂದು ಆಪಲ್ ಕೇಕ್ ತೋರಿಸಿ, ನನ್ನ ಬರ್ತ್‌ಡೇಗೆ ಇದನ್ನು ಮಾಡು ಅಂದಳು. ಮೊಟ್ಟೆ ಮನೆಯೊಳಗೆ ಬರುವ ಹಾಗಿಲ್ಲ. ಅಣ್ಣ ಮೊಸರಿನಲ್ಲಿ ಕಲಸಿದ. ಓವನ್ ಇಲ್ಲ. ಹಳೆಯ ಕುಕ್ಕರಿನ ತಳಕ್ಕೆ ಕಲ್ಲುಪ್ಪು ಹರಡಿ, ಅದನ್ನು ಕಾಯಿಸಿ, ಅದರ ಮೇಲೆ ಕೇಕಿನ ಡಬ್ಬಿ ಇಟ್ಟ. ಮೊದಲ ವರ್ಷವೇ ಎಷ್ಟು ಚೆನ್ನಾಗಿ ಬಂತೆಂದರೆ ಅಲ್ಲಿಂದ ಒಟ್ಟು ಏಳು ವರ್ಷ ಅದು ತಪ್ಪಲಿಲ್ಲ.

ಹೋದ ಕಾರ್ತಿಕದಲ್ಲಿ ಅಣ್ಣ ಹೋಗಿಬಿಟ್ಟ. ಸ್ನಾನಕ್ಕೆ ಹೋದವನು ಈಚೆ ಬರಲಿಲ್ಲ, ಅಷ್ಟೆ.

ಒಂದು ತಿಂಗಳಲ್ಲಿ ಅತ್ತಿಗೆಯ ಬಿಪಿ ಏರಿತು. ಡಾಕ್ಟರು ಉಪ್ಪು ಅರ್ಧಕ್ಕೆ ಇಳಿಸಿ ಅಂದರು. ಅತ್ತಿಗೆ ಹಟಕ್ಕೆ ಬಿದ್ದ ಹಾಗೆ ಇಳಿಸಿದರು. ಅವರ ಸಾರು ಬಿಸಿನೀರಿಗೆ ಬಣ್ಣ ಹಾಕಿದ ಹಾಗೆ ಆಯಿತು. ಮೂವತ್ತೆಂಟು ವರ್ಷ ಸಾಂಬಾರು ಮಾಡಿದ ನಾಲಿಗೆ ಇದು, ಎಷ್ಟು ದಿನ ತಾಳುತ್ತದೆ? ಹೇಳುವುದಕ್ಕೆ ನಾಚಿಕೆಯಾಗುತ್ತದೆ. ಅವರು ದೇವರ ಕೋಣೆಗೆ ಹೋದಾಗ ನಾನು ಅಡುಗೆಮನೆಗೆ ನುಸುಳಿ ಒಂದಿಷ್ಟು ಉಪ್ಪು ಹಾಕಿ ಬರುತ್ತಿದ್ದೆ.

ಹೀಗೆ ಒಂದೆರಡು ವಾರ ಆಗಿರಬೇಕು. ಒಂದು ದಿನ ಬಡಿಸುತ್ತಾ ಅತ್ತಿಗೆ ಮೆಲ್ಲಗೆ ಹೇಳಿದರು: "ಜಯ, ಅವರು ಬರ್ತಾರೆ ಮಾರಾಯ."

"ಯಾರು?"

"ನಿನ್ನಣ್ಣ. ಸಾರಿಗೆ ಉಪ್ಪು ಹಾಕಿ ಹೋಗ್ತಾರೆ. ಸೌಟು ಅಡ್ಡ ಇರ್ತದೆ. ಉಪ್ಪೂ ಅವರ ಕೈಯದ್ದೇ, ನನಗೆ ಗೊತ್ತಾಗುದಿಲ್ವಾ?"

ಉಪ್ಪು ನನ್ನದು, ಅದು ನನಗೆ ಗೊತ್ತು. ಅಣ್ಣನ ಹತ್ತಿರವೇ ಕಲಿತ ಕೈ, ಅಳತೆ ಒಂದೇ ಇರುತ್ತದೆ. ಆದರೆ ಸೌಟು? ಕದ್ದು ಉಪ್ಪು ಹಾಕುವವನು ಸೌಟು ಅಡ್ಡ ಇಟ್ಟು ಸಾರಿ ಹೇಳುತ್ತಾನೆಯೇ? ನಾನು ಇಟ್ಟಿರಲಿಲ್ಲ, ಆಣೆ ಮಾಡಿ ಹೇಳಬಲ್ಲೆ ಅನ್ನುವಷ್ಟು ಖಾತ್ರಿಯಿತ್ತು. ಹಾಗಾದರೆ ಅತ್ತಿಗೆಯೇ ಇಟ್ಟು ಮರೆಯುತ್ತಿದ್ದಾರೆ ಅಂದುಕೊಂಡೆ. ಉಪ್ಪಿನ ವಿಷಯ ಬಾಯಿಬಿಟ್ಟರೆ ಬೈಗುಳ ಖಂಡಿತ, ಅದಕ್ಕೆ ಸುಮ್ಮನಾದೆ.

ಮುಂದೆ ಅವರು ಅಣ್ಣನ ಹತ್ತಿರ ಮಾತಾಡುವುದೂ ಶುರುವಾಯಿತು. ಪೇಪರ್ ಹಿಡಿದು ಹೊರಗೆ ಕೂತರೆ ಒಳಗಿನಿಂದ ಸಣ್ಣ ದನಿ ಕೇಳುತ್ತಿತ್ತು: ಬೆಂಡೆಕಾಯಿ ಬಲಿತದ್ದು ಬಂದಿದೆ, ಸಂತೋಷ ಫೋನ್ ಮಾಡಿದ್ದ, ಮೋಟಾರು ಕೆಟ್ಟಿದೆ. ಮಧ್ಯೆ ಮಧ್ಯೆ ಉತ್ತರಕ್ಕೆ ಕಾದ ಹಾಗೆ ನಿಲ್ಲಿಸುತ್ತಿದ್ದರು. ಆ ನಿಲ್ಲಿಸುವುದೇ ನನಗೆ ಭಯ ಹುಟ್ಟಿಸುತ್ತಿತ್ತು. ಹಾಡುಹಗಲಲ್ಲಿ ಫ್ಯಾನಿನ ಕೆಳಗೆ ಕೂತು ಬೆವರುತ್ತಿದ್ದೆ.

ಕೊನೆಗೆ ನಾನೇ ಚೆನ್ನೈಯ ಇನ್ನೊಂದು ಕಡೆ ಪೋರೂರಿನಲ್ಲಿರುವ ಅವರ ಮಗ ಸಂತೋಷನಿಗೆ ಫೋನ್ ಮಾಡಿ ಹೇಳಿದೆ. ಅವನು ಕಂಪ್ಯೂಟರಿನಲ್ಲಿ ಓದಿ, ಅಮ್ಮನಿಗೆ ಮರೆವಿನ ಕಾಯಿಲೆ ಶುರುವಾಗಿರಬೇಕು, ಗ್ಯಾಸ್ ಹತ್ತಿರ ಒಬ್ಬರೇ ಇರುವುದು ಅಪಾಯ ಅಂದ. ಪೋರೂರಿನ ಫ್ಲ್ಯಾಟಿನಲ್ಲಿ ಅಮ್ಮನಿಗೊಂದು ರೂಮು ಸಿದ್ಧಮಾಡಿದ. ಅತ್ತಿಗೆ ಒಪ್ಪಲಿಲ್ಲ. "ಅವರು ಇಲ್ಲಿಗೆ ಬರುವುದು, ಪೋರೂರಿಗೆ ಅಲ್ಲ. ನಾನು ಹೋದ್ರೆ ಅವರು ಬಂದು ಖಾಲಿ ಮನೆ ನೋಡ್ಬೇಕಾ?" ಅಂದರು. ಈ ಮಾತು ಕೇಳಿ ಸಂತೋಷನಿಗೆ ಇನ್ನೂ ಗಾಬರಿಯಾಯಿತು. ಕೊನೆಗೆ ಒಂದು ರಾಜಿಯಾಯಿತು. ಮಾನ್ಯಾಳ ಹುಟ್ಟುಹಬ್ಬಕ್ಕೆ ಅತ್ತಿಗೆ ಒಬ್ಬರೇ ಆಪಲ್ ಕೇಕ್ ಮಾಡುವುದು. ಹೆಚ್ಚುಕಡಿಮೆಯಾಗದೆ ಮಾಡಿದರೆ ಇಲ್ಲೇ ಇರಬಹುದು. ಇಲ್ಲವಾದರೆ ಅವತ್ತೇ ಹೊರಡುವುದು. ಕೇಕಿನ ಮೇಲೆ ಮನೆ ನಿಂತಿತು.

ಆ ಭಾನುವಾರ ಪಿತೃಪಕ್ಷ ನಡೆಯುತ್ತಿತ್ತು. ಹೋದವರು ಮನೆ ಬಾಗಿಲಿಗೆ ಬರುತ್ತಾರೆ ಅನ್ನುವ ಹದಿನೈದು ದಿನ. ವರ್ಷ ಕಳೆಯದ ಮನೆಯಲ್ಲಿ ಹಬ್ಬ ಇಲ್ಲ, ಪಾಯಸ ಇಲ್ಲ, ಹೋಳಿಗೆ ಇಲ್ಲ. ಕೇಕಿಗೆ ಮಾತ್ರ ಯಾವ ಶಾಸ್ತ್ರವೂ ಅಡ್ಡ ಬಂದಿರಲಿಲ್ಲ, ಯಾಕೆಂದರೆ ಶಾಸ್ತ್ರ ಬರೆದವರು ಕೇಕ್ ತಿಂದಿರಲಿಲ್ಲ. ನಾನು ಹೋಗುವಾಗ ಅತ್ತಿಗೆ ಸ್ನಾನ ಮುಗಿಸಿ ಹಿಟ್ಟು ಜರಡಿ ಹಿಡಿಯುತ್ತಿದ್ದರು. ಹಣೆಯಲ್ಲಿ ಬೆವರು.

"ನೀನು ಎಂತದೂ ಮುಟ್ಬೇಡ. ಆಪಲ್ ಮಾತ್ರ ಹೆಚ್ಚಿ ಕೊಡು," ಅಂದರು.

ಅಟ್ಟದಿಂದ ಹಳೆಯ ಹಾರ್ಲಿಕ್ಸ್ ಬಾಟಲಿ ಇಳಿಸಿ ಅದರಲ್ಲಿದ್ದ ಕಲ್ಲುಪ್ಪನ್ನು ಕುಕ್ಕರಿಗೆ ಸುರಿದರು. ಏಳು ವರ್ಷ ಕಾದು ಕಂದುಬಣ್ಣಕ್ಕೆ ತಿರುಗಿದ ಉಪ್ಪು. ಅಣ್ಣ ಪ್ರತಿ ವರ್ಷ ಅದನ್ನು ಆರಿಸಿ ತುಂಬಿಡುತ್ತಿದ್ದ. ಒಲೆಯ ಮೇಲೆ ಅದು ಬಿಸಿಯಾಗುತ್ತಿದ್ದ ಹಾಗೆ ಚಕ್ಕೆ ಮತ್ತು ಸುಟ್ಟ ಸಕ್ಕರೆಯ ವಾಸನೆ ಎದ್ದಿತು. ನಾವಿನ್ನೂ ಚಕ್ಕೆ ಪುಡಿಯ ಡಬ್ಬಿ ತೆರೆದಿರಲಿಲ್ಲ. ಹೋದ ವರ್ಷದ ಕೇಕಿನ ವಾಸನೆ ಅದು. ಇಬ್ಬರೂ ತಲೆಯೆತ್ತಿ ಒಬ್ಬರ ಮುಖ ಒಬ್ಬರು ನೋಡಿದೆವು.

ಅಷ್ಟರಲ್ಲಿ ಕರೆಗಂಟೆ ಹೊಡೆಯಿತು. ಮೇಲಿನ ಮನೆಯವರು ಯಾವುದೋ ಕಾಗದ ಹಿಡಿದು ಬಂದಿದ್ದರು. ಅತ್ತಿಗೆ ಬಾಗಿಲಿಗೆ ಹೋದರು. ಹಿಟ್ಟು, ಮೊಸರು, ಸಕ್ಕರೆ ಕಲಸಿದ ಪಾತ್ರೆ ಅಡುಗೆಕಟ್ಟೆಯ ಮೇಲಿತ್ತು. ಈ ಹೆಂಗಸು ಬಿಪಿಯ ಹೆದರಿಕೆಯಲ್ಲಿ ಕೇಕಿಗೂ ಉಪ್ಪು ಹಾಕುವುದಿಲ್ಲ ಅನಿಸಿತು. ಒಂದು ಚಿಟಿಕೆ ಉಪ್ಪಿಲ್ಲದೆ ಸಿಹಿಗೆ ರುಚಿಯಿಲ್ಲ. ಚಿಟಿಕೆ ಉಪ್ಪು ಹಾಕಿ, ಕದಡಿ, ಮತ್ತೆ ಆಪಲ್ ಹೆಚ್ಚಲು ಕೂತೆ. ಅವರಿಗೆ ಸಹಾಯ ಮಾಡಿದೆ ಅಂತಲೇ ನನ್ನ ಎಣಿಕೆ.

ಒಳಗೆ ಬಂದ ಅತ್ತಿಗೆ ಕಟ್ಟೆಯ ಹತ್ತಿರ ಥಟ್ಟನೆ ನಿಂತರು. ಕೈ ಎದೆಯ ಮೇಲೆ ಹೋಯಿತು.

"ಬಂದಿದ್ರು," ಅಂದರು.

ನಾನು ತಿರುಗಿ ನೋಡಿದೆ. ಪಾತ್ರೆಯ ಬಾಯಿಗೆ ಮರದ ಸೌಟು ಅಡ್ಡ ಇತ್ತು.

ಮನೆಯಲ್ಲಿ ಇದ್ದದ್ದು ನಾವಿಬ್ಬರೇ. ಅತ್ತಿಗೆ ಬಾಗಿಲಲ್ಲಿದ್ದರು. ನಾನು ಕಟ್ಟೆಗೆ ಬೆನ್ನು ಹಾಕಿ ಕೂತಿದ್ದೆ. ನನ್ನ ತೋಳಿನ ರೋಮಗಳೆಲ್ಲ ಎದ್ದು ನಿಂತವು. ನಂಬದವನಿಗೆ ಹೆದರಿಕೆಯಾದರೆ ನಂಬುವವರಿಗಿಂತ ಹೆಚ್ಚಾಗುತ್ತದೆ, ಯಾಕೆಂದರೆ ಅವನಿಗೆ ಅಭ್ಯಾಸವಿರುವುದಿಲ್ಲ. ಹಿಂದಿನಿಂದ ಯಾರೋ ನೋಡುತ್ತಿದ್ದಾರೆ ಅನಿಸಿ ಕುತ್ತಿಗೆ ತಿರುಗಿಸಲೂ ಆಗಲಿಲ್ಲ. ಅತ್ತಿಗೆಯ ಮುಖದಲ್ಲಿ ಮಾತ್ರ ಕಳೆ ಬಂದಿತ್ತು. ಹಿಟ್ಟಿಗೆ ಆಪಲ್ ಸೇರಿಸಿ, ಡಬ್ಬಿಗೆ ಸುರಿದು, ಕುಕ್ಕರಿನಲ್ಲಿಟ್ಟು ಮುಚ್ಚಿದರು. ನಾನು ಬೇರೆ ಯಾವುದನ್ನೂ ಗಮನಿಸುವ ಸ್ಥಿತಿಯಲ್ಲಿರಲಿಲ್ಲ.

ಒಂದು ಗಂಟೆಗೆ ಸಂತೋಷ, ಹೆಂಡತಿ ಹರ್ಷಿಣಿ, ಮಾನ್ಯಾ ಬಂದರು. ಊಟ ಆಯಿತು. ಅತ್ತಿಗೆ ಕುಕ್ಕರಿನ ಮುಚ್ಚಳ ತೆಗೆದರು.

ಕೇಕ್ ಎದ್ದಿರಲಿಲ್ಲ. ಸುರಿದ ಮಟ್ಟದಲ್ಲೇ ಬೆಂದು, ಮಧ್ಯೆ ತಗ್ಗಾಗಿ, ಮೇಲೆ ಒಂದು ಬಿರುಕು ಬಿಟ್ಟಿತ್ತು. ತಟ್ಟೆಗೆ ಕವುಚಿದರೆ ಧಡ್ ಅಂತ ಬಿತ್ತು. ಹನ್ನೊಂದು ತುಂಬಿದ ಮಾನ್ಯಾ ಜಾಣೆ. "ಪರವಾಯಿಲ್ಲ ಅಜ್ಜಿ," ಅಂತ ತಮಿಳಿನಲ್ಲಿ ಸಮಾಧಾನ ಹೇಳಿದಳು.

ಸಂತೋಷ ಮೆತ್ತಗೆ ಕೇಳಿದ: "ಅಮ್ಮ, ಅಡುಗೆ ಸೋಡಾ ಹಾಕಿದ್ರಾ?"

"ಹಾಕಿ ಆಗಿತ್ತು."

"ನೀವೇ ಹಾಕಿದ್ದಾ?"

ಅತ್ತಿಗೆ ಸುಳ್ಳು ಹೇಳುವವರಲ್ಲ. "ಉಪ್ಪು, ಸೋಡಾ ಅವರು ಯಾವಾಗಲೂ ಒಟ್ಟಿಗೇ ಹಾಕುದು. ಸೌಟು ಅಡ್ಡ ಇತ್ತು. ಅದಕ್ಕೆ ನಾನು ಹಾಕ್ಲಿಲ್ಲ," ಅಂದರು.

"ಯಾರು ಹಾಕಿದ್ದಮ್ಮಾ?"

"ನಿನ್ನಪ್ಪ."

ಸಂತೋಷ ಹರ್ಷಿಣಿಯ ಕಡೆ ನೋಡಿದ. ಹರ್ಷಿಣಿ ಎದ್ದು ಕೋಣೆಗೆ ಹೋಗಿ ಅತ್ತಿಗೆಯ ಸೀರೆಗಳನ್ನು ಬೀರುವಿನಿಂದ ತೆಗೆಯತೊಡಗಿದಳು. ಆಮೇಲೆ ನೆನಪಾದ ಹಾಗೆ ಹೊರಗೆ ಬಂದು ನನಗೆ ಕಾಫಿ ಕೊಟ್ಟಳು. ಅತ್ತಿಗೆ ಕೇಕಿನ ಮುಂದೆಯೇ ಕೂತಿದ್ದರು. ಅವರು ಅಳುತ್ತಿರಲಿಲ್ಲ. ಅಡುಗೆಮನೆಯ ಬಾಗಿಲ ಕಡೆ ನೋಡುತ್ತಿದ್ದರು, ಇನ್ನೊಬ್ಬರು ಬಂದು ಸಾಕ್ಷಿ ಹೇಳಲಿ ಅನ್ನುವ ಹಾಗೆ.

ಕಾಫಿಗೆ ಸಕ್ಕರೆ ಕಡಿಮೆಯಿತ್ತು. ಡಬ್ಬಿ ಎಳೆದುಕೊಂಡು ಒಂದು ಚಮಚ ಹಾಕಿ ಕದಡಿದೆ. ಕಣ್ಣು ಅತ್ತಿಗೆಯ ಮೇಲಿತ್ತು. ಕುಡಿಯಲು ಲೋಟ ಎತ್ತಬೇಕು ಅಂತ ಕೆಳಗೆ ನೋಡುತ್ತೇನೆ: ಲೋಟದ ಬಾಯಿಗೆ ಚಮಚ ಅಡ್ಡ ಇದೆ. ನಾನೇ ಇಟ್ಟದ್ದು. ಇಟ್ಟದ್ದು ನನಗೆ ಗೊತ್ತೇ ಆಗಿರಲಿಲ್ಲ. ಮೂವತ್ತೆಂಟು ವರ್ಷ ಮಾಡಿದ ಕೈ ನನ್ನನ್ನು ಕೇಳಲು ಕಾಯುವುದಿಲ್ಲ.

ಸುಮ್ಮನಿರಬಹುದಿತ್ತು. ಸುಮ್ಮನಿದ್ದರೆ ಅತ್ತಿಗೆಗೆ ಅಣ್ಣ ಉಳಿಯುತ್ತಿದ್ದ, ಮನೆ ಹೋಗುತ್ತಿತ್ತು. ಹೇಳಿದರೆ ಮನೆ ಉಳಿಯುತ್ತಿತ್ತು, ಅಣ್ಣ ಹೋಗುತ್ತಿದ್ದ. ಎರಡರಲ್ಲಿ ಅವರಿಗೆ ಯಾವುದು ಬೇಕು ಅಂತ ಕೇಳುವ ಹಾಗೂ ಇರಲಿಲ್ಲ. ಒಳಗೆ ಬೀರುವಿನ ಬಾಗಿಲು ಕಿರ್ ಅಂತ ಮುಚ್ಚಿತು.

"ಸಂತೋಷ, ಸೌಟು ಇಟ್ಟದ್ದು ನಾನು," ಅಂದೆ. "ಇವತ್ತೂ ನಾನೇ. ಇಷ್ಟು ತಿಂಗಳೂ ನಾನೇ. ಉಪ್ಪು ಕದ್ದು ಹಾಕ್ತಿದ್ದೆ. ಸೌಟು ಅಡ್ಡ ಇಡ್ತಿದ್ದದ್ದು ನನಗೇ ಗೊತ್ತಿರ್ಲಿಲ್ಲ. ನಿನ್ನ ಅಮ್ಮನ ತಲೆ ಸರಿಯಾಗೇ ಉಂಟು."

ಲೋಟ ತೋರಿಸಿದೆ. ಸಂತೋಷ ತುಂಬಾ ಹೊತ್ತು ಅದನ್ನೇ ನೋಡಿದ. "ಚಿಕ್ಕಪ್ಪ, ಬಿಪಿ ಇಳಿಯದ್ದು ಇದಕ್ಕಾ?" ಅಂದ. ಅವನಿಗೆ ಸಿಟ್ಟು ಬಂದಿತ್ತು, ಬರಲೇಬೇಕಿತ್ತು. ಆದರೆ ಸಿಟ್ಟಿಗಿಂತ ನಿರಾಳ ಹೆಚ್ಚಾಗಿತ್ತು. ಸ್ವಲ್ಪ ಹೊತ್ತಿನಲ್ಲಿ ಸೀರೆಗಳು ಬೀರುವಿಗೆ ವಾಪಸಾದವು.

ಅತ್ತಿಗೆ ನನ್ನ ಕಡೆ ತಿರುಗಿದರು. "ಹಾಗಾದ್ರೆ ಇಷ್ಟು ದಿನ ನಾನು ಯಾರ ಹತ್ರ ಮಾತಾಡ್ತಿದ್ದೆ, ಜಯ?" ಅಂದರು.

ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಣ್ಣ ಬಚ್ಚಲುಮನೆಯಲ್ಲಿ ಸತ್ತಿದ್ದ, ಆಮೇಲೆ ನಾನು ಕೂತಲ್ಲೇ ಅವನನ್ನು ಇನ್ನೊಂದು ಸಲ ಸಾಯಿಸಿದ್ದೆ.

ಅತ್ತಿಗೆ ಸೆರಗು ಸಿಕ್ಕಿಸಿಕೊಂಡು ಎದ್ದರು. ಇನ್ನೂ ನಾಲ್ಕು ಆಪಲ್ ಉಳಿದಿದ್ದವು. ನನ್ನನ್ನು ಅಡುಗೆಮನೆಗೆ ಸೇರಿಸಲಿಲ್ಲ. ಮಾನ್ಯಾಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಸೋಡಾವನ್ನು ಅವಳ ಕಣ್ಣೆದುರೇ ಅಳೆದು ಹಾಕಿ, ಸಂಜೆಯ ಹೊತ್ತಿಗೆ ಎರಡನೇ ಕೇಕ್ ಇಳಿಸಿದರು. ಅದು ಡಬ್ಬಿಯ ಅಂಚು ದಾಟಿ ಎದ್ದಿತ್ತು. ಮಾನ್ಯಾ ಒಂದು ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿ, "ಅಪ್ಪಡಿಯೇ ಅಜ್ಜ ಪಣ್ಣ ಮಾದಿರಿ ಇರುಕ್ಕು," ಅಂದಳು. ಅಜ್ಜ ಮಾಡಿದ ಹಾಗೇ ಇದೆಯಂತೆ. ಸಂತೋಷ ಅಮ್ಮನ ಕಾಲಿಗೆ ಬಿದ್ದು, ಮುಂದಿನ ವಾರ ಬರುತ್ತೇವೆ ಅಂದ. ಪೋರೂರಿನ ಮಾತು ಎತ್ತಲಿಲ್ಲ.

ಅವರನ್ನು ಕಾರಿನ ತನಕ ಬಿಟ್ಟು ಒಳಗೆ ಬಂದೆ. ಅತ್ತಿಗೆ ಕುಕ್ಕರಿನ ಉಪ್ಪು ಆರಿದ್ದನ್ನು ಮುಟ್ಟಿ ನೋಡಿ ಬಾಟಲಿಗೆ ತುಂಬುತ್ತಿದ್ದರು. ನಾನು ಹೊಸ್ತಿಲಲ್ಲೇ ನಿಂತೆ.

"ಅತ್ತಿಗೆ, ತಪ್ಪಾಯ್ತು," ಅಂದೆ.

ಅವರು ತಲೆಯೆತ್ತಲಿಲ್ಲ. "ಇವತ್ತು ಹಿಡಿ ಬಲಕ್ಕಿತ್ತು," ಅಂದರು. "ನಾನು ನೋಡಿದ್ದೆ. ಗಡಿಬಿಡಿಯಲ್ಲಿ ಮನಸ್ಸಿಗೆ ಬರ್ಲಿಲ್ಲ. ಹೆಚ್ಚಿನ ದಿನ ಬಲಕ್ಕೇ ಇರ್ತಿತ್ತು. ಹೋದ ಮೇಲೆ ಎಡ ಬಲ ಎಲ್ಲ ತಿರುಗಿರ್ತದೋ ಏನೋ ಅಂದ್ಕೊಂಡೆ."

ಬಾಟಲಿಯ ಮುಚ್ಚಳ ತಿರುಗಿಸಿದರು. ಆಮೇಲೆ ಅದೇ ದನಿಯಲ್ಲಿ ಕೇಳಿದರು: "ಆಷಾಢದಲ್ಲಿ ನೀನು ಊರಿಗೆ ಹೋಗಿದ್ದೆಯಲ್ಲ. ಹತ್ತು ದಿನ."

"ಹೌದು."

"ಆ ಹತ್ತು ದಿನವೂ ಸೌಟು ಅಡ್ಡ ಇತ್ತು. ಉಪ್ಪೂ ಬಿದ್ದಿತ್ತು. ಆ ಹತ್ತು ದಿನ ಮಾತ್ರ ಹಿಡಿ ಎಡಕ್ಕಿತ್ತು."

ಹೊರಗೆ ಎಂಆರ್‌ಟಿಎಸ್ ರೈಲು ಹೋಗುವ ಸದ್ದು ಕೇಳಿತು. ಅತ್ತಿಗೆ ಬಾಟಲಿಯನ್ನು ಅಟ್ಟದ ಮೇಲೆ ಇಟ್ಟರು.

"ಸಂತೋಷನಿಗೆ ಹೇಳ್ಬೇಡ," ಅಂದರು ಅತ್ತಿಗೆ. ಅವರ ಬಾಯಿಂದ ನಾನು ಕೇಳಿದ ಮೊದಲ ಕೋರಿಕೆ ಅದು.

ಹೇಳಲಿಲ್ಲ. ಎರಡರಲ್ಲಿ ಒಂದು ನಿಜವಿರಬೇಕು: ಒಂದೋ ಅತ್ತಿಗೆ ಆ ಹತ್ತು ದಿನ ತಾವೇ ಉಪ್ಪು ಹಾಕಿ ಸೌಟು ಇಟ್ಟು ಮರೆತಿದ್ದಾರೆ, ಇಲ್ಲವೇ ಅಣ್ಣ ಬಂದಿದ್ದ. ಮೊದಲನೆಯದು ನಿಜವಾದರೆ ನಾನು ಸಂತೋಷನಿಗೆ ಇನ್ನೊಂದು ಫೋನ್ ಮಾಡಬೇಕಾಗುತ್ತದೆ. ಅಣ್ಣ ಬಂದಿದ್ದ ಅಂತಲೇ ನಾನು ತೀರ್ಮಾನ ಮಾಡಿದ್ದೇನೆ.

ಈಗಲೂ ದಿನಾ ಹನ್ನೊಂದಕ್ಕೆ ಹೋಗುತ್ತೇನೆ. ಉಪ್ಪಿನ ಡಬ್ಬಿ ಮುಟ್ಟುವುದಿಲ್ಲ, ಸಪ್ಪೆ ಸಾರು ಉಣ್ಣುತ್ತೇನೆ. ಅತ್ತಿಗೆ ಮೊದಲಿನ ಹಾಗೆ ಒಳಗೆ ಮಾತಾಡುತ್ತಿರುತ್ತಾರೆ. ಅವರು ದೇವರ ಕೋಣೆಗೆ ಹೋದ ಮೇಲೆ ನಾನು ಅಡುಗೆಮನೆಯ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತು, ಪಾತ್ರೆಯ ಮೇಲೆ ಸೌಟು ಇದೆಯೇ, ಇದ್ದರೆ ಹಿಡಿ ಯಾವ ಕಡೆಗಿದೆ ಅಂತ ನೋಡುತ್ತೇನೆ.